ಗಾಲ್ಗಿ ಸಂಕೀರ್ಣ ಅಂಚೆ ಕಚೇರಿಯೇ? - ಒಂದು ಪಾಠದ ವಿಮರ್ಶೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದು ತಾಲ್ಲೂಕುಗಳಲ್ಲಿ ನಡೆಯುವ ವಿಜ್ಞಾನ ವಸ್ತುಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋಗುವ ಅವಕಾಶ ನನಗೆ ಆಗಾಗ ಸಿಗುತ್ತದೆ. ನಾನು ಭೌತಶಾಸ್ತ್ರ ಕಲಿಸುವವನು. ಆದರೆ ಯಾವ ಪ್ರದರ್ಶನಕ್ಕೆ ಹೋದರೂ ಜೀವಕೋಶದ ಥರ್ಮೋಕೋಲ್ ಮಾದರಿ ಒಂದಾದರೂ ಇದ್ದೇ ಇರುತ್ತದೆ. ಅದರಲ್ಲಿ ಗಾಲ್ಗಿ ಸಂಕೀರ್ಣವೆಂದರೆ ಒಂದರ ಮೇಲೊಂದು ಅಂಟಿಸಿದ ನಾಲ್ಕೈದು ಬಣ್ಣದ ಪಟ್ಟಿಗಳು, ಪಕ್ಕದಲ್ಲಿ ಕೆಂಪು ಅಂಚೆ ಡಬ್ಬಿಯ ಚಿತ್ರ. ವಿವರಣೆಯೂ ಎಲ್ಲೆಡೆ ಒಂದೇ: "ಗಾಲ್ಗಿ ಸಂಕೀರ್ಣವು ಜೀವಕೋಶದ ಅಂಚೆ ಕಚೇರಿ. ಇದು ಪ್ರೋಟೀನುಗಳನ್ನು ವಿಂಗಡಿಸಿ, ಪೊಟ್ಟಣ ಕಟ್ಟಿ, ರವಾನಿಸುತ್ತದೆ."

ಒಮ್ಮೆ ಹೀಗೆಯೇ ಒಬ್ಬ ವಿದ್ಯಾರ್ಥಿ ಪಾಠ ಒಪ್ಪಿಸಿ ಮುಗಿಸಿದಾಗ, ಪಕ್ಕದ ಮಾದರಿಯ ಬಳಿ ನಿಂತಿದ್ದ ಹುಡುಗಿ ಕೇಳಿದಳು: "ಸರ್, ಕಾಗದ ಡಬ್ಬಿಗಿಂತ ದೊಡ್ಡದಿದ್ರೆ ಏನು ಮಾಡ್ತಾರೆ?" ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಉತ್ತರ ನನಗೂ ಗೊತ್ತಿರಲಿಲ್ಲ ಎಂಬುದು ಆ ನಗುವಿಗೆ ಒಂದು ಕಾರಣ. ಮನೆಗೆ ಬಂದು ಹುಡುಕಿ ಓದಿದಾಗ ತಿಳಿಯಿತು, ಜೀವಕೋಶ ವಿಜ್ಞಾನಿಗಳು ಹಲವು ವರ್ಷ ವಾದ ಮಾಡಿದ್ದು ಬಹುಮಟ್ಟಿಗೆ ಇದೇ ಪ್ರಶ್ನೆಯ ಮೇಲೆ. ನಾವು ತರಗತಿಯಲ್ಲಿ ಬಳಸುವ ಹೋಲಿಕೆ ಆ ಪ್ರಶ್ನೆಯನ್ನು ಮುಚ್ಚಿಹಾಕುತ್ತಿದೆ ಎಂಬುದು ನನ್ನ ಆಕ್ಷೇಪ. ಜೀವಶಾಸ್ತ್ರದ ಶಿಕ್ಷಕ ಮಿತ್ರರು ಹೊರಗಿನವನ ಮಾತೆಂದು ತಳ್ಳಿಹಾಕದೆ ಸ್ವಲ್ಪ ಕೇಳಬೇಕು.

ಹೋಲಿಕೆಯಲ್ಲಿ ಸರಿಯಾದದ್ದು ಇಲ್ಲವೆಂದಲ್ಲ. ರೈಬೊಸೋಮುಗಳಲ್ಲಿ ತಯಾರಾಗಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಮುಂದೆ ಚಿಕ್ಕದಾಗಿ ಇ.ಆರ್.) ಒಳಹೊಕ್ಕ ಪ್ರೋಟೀನುಗಳು ಕಿರುಚೀಲಗಳಲ್ಲಿ ಗಾಲ್ಗಿಯತ್ತ ಹೊರಡುತ್ತವೆ, ಅಲ್ಲಿಂದ ಹೊರಗೆ ಹೋಗುತ್ತವೆ. ಈ ದಾರಿಯನ್ನು ಜೇಮ್ಸನ್ ಮತ್ತು ಪಲಾಡೆ 1967ರಲ್ಲಿ ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ತುಣುಕುಗಳಲ್ಲಿ ತೋರಿಸಿದರು. ವಿಕಿರಣಶೀಲ ಅಮೈನೊ ಆಮ್ಲವನ್ನು ಕೆಲವೇ ನಿಮಿಷ ಉಣಿಸಿ, ಆಮೇಲೆ ಸಾಧಾರಣ ಅಮೈನೊ ಆಮ್ಲ ಕೊಟ್ಟು, ಗುರುತು ಹತ್ತಿದ ಪ್ರೋಟೀನ್ ಯಾವ ಹೊತ್ತಿಗೆ ಎಲ್ಲಿದೆ ಎಂದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೊದಲು ಇ.ಆರ್., ಆಮೇಲೆ ಗಾಲ್ಗಿ, ಸುಮಾರು ಎರಡು ಗಂಟೆಯೊಳಗೆ ಸ್ರವಿಕೆಯ ಕಣಗಳು. ಪಲಾಡೆಗೆ 1974ರಲ್ಲಿ ನೊಬೆಲ್ ಬಂತು. ಕಿರುಚೀಲಗಳು ಹೇಗೆ ಮೊಳೆಯುತ್ತವೆ, ಸರಿಯಾದ ಪೊರೆಯನ್ನೇ ಹುಡುಕಿ ಹೇಗೆ ಬೆಸೆದುಕೊಳ್ಳುತ್ತವೆ ಎಂಬುದನ್ನು ಬಿಡಿಸಿದ ರಾಥ್‌ಮನ್, ಶೆಕ್‌ಮನ್, ಸೂಡಾಫ್ ಅವರಿಗೆ 2013ರಲ್ಲಿ ಬಂತು. ಹಾಗಾಗಿ ಕಿರುಚೀಲ ಸುಳ್ಳಲ್ಲ, ರವಾನೆಯೂ ಸುಳ್ಳಲ್ಲ. ತೊಡಕು ಇರುವುದು ಗಾಲ್ಗಿಯ ಒಳಗೆ ಏನು ನಡೆಯುತ್ತದೆ ಎಂಬಲ್ಲಿ.

ಮೊದಲ ಆಕ್ಷೇಪ. ಅಂಚೆ ಕಚೇರಿ ಕಾಗದದ ಒಕ್ಕಣೆಯನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಅಪರಾಧ. ಗಾಲ್ಗಿಯ ಮುಖ್ಯ ಕೆಲಸವೇ ಒಕ್ಕಣೆ ತಿದ್ದುವುದು. ಬಂದ ಪ್ರೋಟೀನಿಗೆ ಸಕ್ಕರೆಯ ಅಣುಗಳನ್ನು ಒಂದೊಂದಾಗಿ ಸೇರಿಸುತ್ತದೆ, ಕೆಲವನ್ನು ಕತ್ತರಿಸುತ್ತದೆ, ಫಾಸ್ಫೇಟ್ ಅಥವಾ ಸಲ್ಫೇಟ್ ಅಂಟಿಸುತ್ತದೆ. ನಿಮ್ಮ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ರಕ್ತದ ಗುಂಪು ಗೊತ್ತಿರುತ್ತದೆ, ಇಲ್ಲವೇ ಗೊತ್ತಾಗಬೇಕೆಂಬ ಆಸೆಯಿರುತ್ತದೆ. ಆ ಗುಂಪು ನಿರ್ಧಾರವಾಗುವುದು ಗಾಲ್ಗಿಯಲ್ಲಿ. ಅಲ್ಲಿನ ಒಂದು ಕಿಣ್ವ ಸಕ್ಕರೆಯ ಸರಪಳಿಯ ತುದಿಗೆ ಎನ್-ಅಸಿಟೈಲ್ ಗ್ಯಾಲಕ್ಟೊಸಮೈನ್ ಸೇರಿಸಿದರೆ 'ಎ', ಗ್ಯಾಲಕ್ಟೋಸ್ ಸೇರಿಸಿದರೆ 'ಬಿ', ಎರಡೂ ಬಗೆಯ ಕಿಣ್ವಗಳಿದ್ದರೆ 'ಎಬಿ'. ಕಿಣ್ವ ಕೆಲಸ ಮಾಡದಿದ್ದರೆ ಸರಪಳಿ ಇದ್ದಂತೆಯೇ ಉಳಿದು 'ಓ' ಆಗುತ್ತದೆ. ರಕ್ತದ ಗುಂಪನ್ನು ಒಂದು ಅಧ್ಯಾಯದಲ್ಲಿಯೂ ಗಾಲ್ಗಿಯನ್ನು ಇನ್ನೊಂದರಲ್ಲಿಯೂ ಕಲಿಸಿ, ಇವೆರಡರ ನಂಟನ್ನು ಎಲ್ಲಿಯೂ ಹೇಳದೆ ಬಿಡುವುದು ನನಗೆ ಅರ್ಥವಾಗದ ಸಂಗತಿ.

ಹಾಲಿನ ಉದಾಹರಣೆ ಇನ್ನೂ ಸೊಗಸಾಗಿದೆ. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಶಾಲೆಗೆ ಬರುವವರು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತಯಾರಾಗುವುದು ಕೆಚ್ಚಲಿನ ಜೀವಕೋಶಗಳ ಗಾಲ್ಗಿ ಚೀಲಗಳೊಳಗೆ. ಅಲ್ಲಿನ ಒಂದು ಕಿಣ್ವದ ಸಾಮಾನ್ಯ ಕೆಲಸ ಪ್ರೋಟೀನುಗಳ ಮೇಲಿನ ಸಕ್ಕರೆ ಸರಪಳಿಗೆ ಗ್ಯಾಲಕ್ಟೋಸ್ ಅಂಟಿಸುವುದು. ಆಲ್ಫಾ ಲ್ಯಾಕ್ಟಾಲ್ಬುಮಿನ್ ಎಂಬ ಹಾಲಿನದೇ ಪ್ರೋಟೀನ್ ಅದರ ಜೊತೆಗೂಡಿದಾಗ ಅದೇ ಕಿಣ್ವ ಗ್ಯಾಲಕ್ಟೋಸನ್ನು ಗ್ಲೂಕೋಸಿಗೆ ಅಂಟಿಸತೊಡಗುತ್ತದೆ. ಹೀಗೆ ಹುಟ್ಟಿದ ಲ್ಯಾಕ್ಟೋಸ್ ಪೊರೆಯನ್ನು ದಾಟಿ ಹೊರಬರಲಾರದು. ಆಗ ಪರಾಸರಣದಿಂದ ನೀರು ಒಳನುಗ್ಗುತ್ತದೆ. ಆಕಳ ಹಾಲಿನ ನೂರರಲ್ಲಿ ಸುಮಾರು 87 ಭಾಗ ನೀರು. ಅದನ್ನು ಎಳೆದು ತರುವ ಪ್ರಧಾನ ಶಕ್ತಿ ಇದು. ಕೇಸಿನ್ ಪ್ರೋಟೀನಿಗೆ ಫಾಸ್ಫೇಟ್ ಅಂಟುವುದೂ ಗಾಲ್ಗಿಯಲ್ಲಿಯೇ. ಆ ಫಾಸ್ಫೇಟು ಕ್ಯಾಲ್ಸಿಯಮನ್ನು ಹಿಡಿದು ಕೇಸಿನ್ ಉಂಡೆಗಟ್ಟುತ್ತದೆ, ಆ ಉಂಡೆಗಳು ಬೆಳಕನ್ನು ಚದರಿಸುವುದರಿಂದ ಕೆನೆ ತೆಗೆದ ಹಾಲೂ ಬೆಳ್ಳಗೆ ಕಾಣುತ್ತದೆ. (ಇಲ್ಲಿ ಭೌತಶಾಸ್ತ್ರದ ಮೇಷ್ಟ್ರನ್ನು ತರಗತಿಗೆ ಕರೆಯಬಹುದು, ಚಹಾದ ಖರ್ಚಿನಲ್ಲಿ ಬರುತ್ತಾರೆ.) ಇಷ್ಟೆಲ್ಲ ಮಾಡುವ ಜಾಗಕ್ಕೆ ಅಂಚೆ ಕಚೇರಿ ಎಂಬ ಹೆಸರು ಹೇಗೆ ಹೊಂದುತ್ತದೆ?

ಎರಡನೆಯದು, ವಿಳಾಸದ ಮಾತು. ಅಂಚೆಗೆ ಬರುವ ಲಕೋಟೆಯ ಮೇಲೆ ವಿಳಾಸ ಮೊದಲೇ ಬರೆದಿರುತ್ತದೆ. ಹರಪನಹಳ್ಳಿಯ ಜನಕ್ಕೆ ವಿಳಾಸದ ಕಷ್ಟ ಚೆನ್ನಾಗಿ ಗೊತ್ತು. ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಊರು ಮಾತ್ರ ಇದ್ದಲ್ಲೇ ಇದೆ. ಲೈಸೋಸೋಮಿಗೆ ಹೋಗಬೇಕಾದ ಜೀರ್ಣಕ ಕಿಣ್ವಗಳ ಸ್ಥಿತಿ ಬೇರೆ. ಅವು ಗಾಲ್ಗಿಗೆ ಬರುವಾಗ ಅವುಗಳ ಮೇಲೆ ಲೈಸೋಸೋಮಿನ ವಿಳಾಸವಿರುವುದಿಲ್ಲ. ಗಾಲ್ಗಿಯ ಒಂದು ಕಿಣ್ವ ಅವುಗಳ ಮಡಿಕೆಯ ಆಕಾರವನ್ನು ಗುರುತಿಸಿ, ಅವುಗಳಿಗಂಟಿದ ಮ್ಯಾನೋಸ್ ಸಕ್ಕರೆಗೆ ಫಾಸ್ಫೇಟ್ ಸೇರುವ ಕೆಲಸವನ್ನು ಆರಂಭಿಸುತ್ತದೆ. ಆಗ ಸಿದ್ಧವಾಗುವ ಮ್ಯಾನೋಸ್-6-ಫಾಸ್ಫೇಟ್ ಎಂಬ ಗುರುತೇ ವಿಳಾಸ. ಲಕೋಟೆ ಬಿಚ್ಚಿ, ಒಳಗಿನ ಕಾಗದವನ್ನು ಓದಿ, ಇದು ಯಾರಿಗೆ ಹೋಗಬೇಕೆಂದು ತಾನೇ ಬರೆಯುವ ಕಚೇರಿ ಇದು!

ಈ ಕಿಣ್ವವಿಲ್ಲದಿದ್ದರೆ? ಅಂಥ ಮಕ್ಕಳಿದ್ದಾರೆ. 'ಐ-ಸೆಲ್' ಕಾಯಿಲೆ ಎಂದು ಇದಕ್ಕೆ ಹೆಸರು. ಜೀರ್ಣಕ ಕಿಣ್ವಗಳು ತಯಾರಾಗುತ್ತವೆ, ಅವುಗಳಲ್ಲಿ ದೋಷವೂ ಇರುವುದಿಲ್ಲ. ಆದರೆ ಗುರುತಿಲ್ಲದ ಕಾರಣ ಲೈಸೋಸೋಮಿಗೆ ಹೋಗದೆ ಜೀವಕೋಶದ ಹೊರಗೆ, ರಕ್ತಕ್ಕೆ ಸೋರಿಹೋಗುತ್ತವೆ. ಒಳಗೆ ಕಸ ತುಂಬುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣುವ ಆ ಕಸದ ಗಂಟುಗಳಿಂದಲೇ ಕಾಯಿಲೆಗೆ ಈ ಹೆಸರು. ಮೂಳೆ ಡೊಂಕಾಗಿ, ಬೆಳವಣಿಗೆ ಕುಂಠಿತವಾಗಿ, ಹೆಚ್ಚಿನ ಮಕ್ಕಳು ಬಾಲ್ಯ ದಾಟುವುದಿಲ್ಲ. ಕಾಯಿಲೆ ಬಲು ಅಪರೂಪ, ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಮಾತ್ರ ಕಾಣುವಂಥದು. ಆದರೆ ನಮ್ಮ ಕಡೆ ಅಕ್ಕನ ಮಗಳನ್ನು ತರುವ ರೂಢಿಯುಂಟು, ಅತ್ತೆಯ ಮಕ್ಕಳು ಮಾವನ ಮಕ್ಕಳ ನಡುವೆ ಮದುವೆಯುಂಟು. ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಮಗುವಿಗೆ ಬರುವ ಸಂಭಾವ್ಯತೆ ಸೋದರಮಾವನ ಮದುವೆಯಲ್ಲಿ 8ರಲ್ಲಿ 1, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1. ಈ ಬಗೆಯ ಯಾವುದೇ ಅಪರೂಪದ ಕಾಯಿಲೆಗೂ ಈ ಲೆಕ್ಕ ಅನ್ವಯಿಸುತ್ತದೆ. ತರಗತಿಯಲ್ಲಿ ಇದನ್ನು ಹೇಳುವುದು ನಾಜೂಕಿನ ಕೆಲಸ, ಏಕೆಂದರೆ ಎದುರಿಗಿರುವ ಮಕ್ಕಳಲ್ಲಿ ಕೆಲವರ ಮನೆಯ ಮಾತು ಅದು. ಆದರೂ ಗಾಲ್ಗಿಯ ಪಾಠ ಒಂದು ಅಂಕದ ಪ್ರಶ್ನೆಯಲ್ಲ ಎಂದು ಮನವರಿಕೆ ಮಾಡಲು ಇದಕ್ಕಿಂತ ನೇರವಾದ ದಾರಿ ನನಗೆ ತೋರದು.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಗಾಲ್ಗಿಯೆಂದರೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ಚಪ್ಪಟೆ ಚೀಲಗಳ ಗಡ್ಡೆ. ಅಂಚೆ ಕಚೇರಿಯ ಹೋಲಿಕೆಯಲ್ಲಿ ಈ ಚೀಲಗಳು ಕಚೇರಿಯ ಕೊಠಡಿಗಳು, ಕಿಣ್ವಗಳು ಮೇಜಿನ ಮುಂದೆ ಕೂತ ಗುಮಾಸ್ತರು. ಕಾಗದ ಒಂದು ಕೊಠಡಿಯಿಂದ ಮತ್ತೊಂದಕ್ಕೆ ಕಿರುಚೀಲದಲ್ಲಿ ಕೂತು ಹೋಗಬೇಕು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಹೆಚ್ಚಿನ ವಿಜ್ಞಾನಿಗಳೂ ಹೀಗೆಯೇ ನಂಬಿದ್ದರು. ಆದರೆ ಅಳತೆ ನೋಡಿ. ಗಾಲ್ಗಿಯ ಚೀಲಗಳ ನಡುವೆ ಓಡಾಡುವ ಕಿರುಚೀಲದ ಅಡ್ಡಳತೆ ಸುಮಾರು 60 ನ್ಯಾನೊಮೀಟರ್. ನಮ್ಮ ಮೂಳೆ, ಚರ್ಮ, ಸ್ನಾಯುಬಂಧಗಳಿಗೆ ಬೇಕಾದ ಕೊಲ್ಯಾಜೆನ್ ಪ್ರೋಟೀನಿನ ಪೂರ್ವರೂಪ ಸುಮಾರು 300 ನ್ಯಾನೊಮೀಟರ್ ಉದ್ದದ ಬಿರುಸಾದ ಕಡ್ಡಿ. ಕಿರುಚೀಲವನ್ನು ಒಂದು ನಿಂಬೆಹಣ್ಣಿನಷ್ಟು ಮಾಡಿಕೊಂಡರೆ ಕೊಲ್ಯಾಜೆನ್ ಒಂದು ಗೇಣು ಉದ್ದದ ಪೊರಕೆ ಕಡ್ಡಿ. ಮಡಚದೆ, ಮುರಿಯದೆ ಅದನ್ನು ಹಣ್ಣಿನೊಳಗೆ ಪೂರ್ತಿ ಇಡಿ, ನೋಡೋಣ. ಇದು ಎಲ್ಲೋ ಒಂದು ವಿನಾಯಿತಿಯೆಂದು ಬದಿಗೊತ್ತುವಂತಿಲ್ಲ. ನಮ್ಮ ದೇಹದ ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಮೀರಿ ಕೊಲ್ಯಾಜೆನ್ನೇ ಇದೆ.

1998ರಲ್ಲಿ ಇಟಲಿಯ ಆಲ್ಬೆರ್ಟೊ ಲುಯಿನಿ ಅವರ ತಂಡ ಇದೇ ಕೊಲ್ಯಾಜೆನ್ ಕಡ್ಡಿಗಳ ಬೆನ್ನುಹತ್ತಿತು. ಅವು ಗಾಲ್ಗಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುವಾಗ ಚಪ್ಪಟೆ ಚೀಲಗಳನ್ನು ಬಿಟ್ಟು ಹೊರಗೆ ಬರಲೇ ಇಲ್ಲ. ಚೀಲದೊಳಗೇ ಇದ್ದು ಮುಂದೆ ಹೋಗಿದ್ದವು. ಎಂದರೆ ಚೀಲವೇ ಮುಂದೆ ಹೋಗಿರಬೇಕು. ಈ ಊಹೆಗೆ ಕಣ್ಣಾರೆ ಸಾಕ್ಷಿ ಸಿಕ್ಕಿದ್ದು 2006ರಲ್ಲಿ. ಷಿಕಾಗೊದ ಬೆಂಜಮಿನ್ ಗ್ಲಿಕ್ ಮತ್ತು ಜಪಾನಿನ ಅಕಿಹಿಕೊ ನಕಾನೊ ಅವರ ತಂಡಗಳು ಬೇರೆಬೇರೆಯಾಗಿ ಬ್ರೆಡ್ಡಿನ ಯೀಸ್ಟನ್ನು ಆರಿಸಿಕೊಂಡವು. ಈ ಯೀಸ್ಟಿನಲ್ಲಿ ಗಾಲ್ಗಿ ಚೀಲಗಳು ಗಡ್ಡೆಯಾಗಿರುವುದಿಲ್ಲ. ಒಂದೊಂದೂ ಒಂಟಿಯಾಗಿ ಕೋಶದಲ್ಲಿ ಚದುರಿರುತ್ತವೆ. (ನಮ್ಮ ಥರ್ಮೋಕೋಲ್ ಮಾದರಿಯ ಪ್ರಕಾರ ಯೀಸ್ಟಿಗೆ ಗಾಲ್ಗಿಯೇ ಇಲ್ಲ!) ಆರಂಭದ ಚೀಲದಲ್ಲಿರುವ ಪ್ರೋಟೀನಿಗೆ ಒಂದು ಬಣ್ಣದ ಪ್ರತಿದೀಪ್ತಿ ಗುರುತು, ಕೊನೆಯ ಚೀಲದಲ್ಲಿರುವ ಪ್ರೋಟೀನಿಗೆ ಇನ್ನೊಂದು ಬಣ್ಣ. ಕೊಠಡಿಗಳು ಸ್ಥಿರವಾಗಿದ್ದರೆ ಹಸಿರು ಚುಕ್ಕೆ ಹಸಿರಾಗಿಯೂ ಕೆಂಪು ಚುಕ್ಕೆ ಕೆಂಪಾಗಿಯೂ ಇರಬೇಕಿತ್ತು. ಜೀವಂತ ಕೋಶದಲ್ಲಿ ಅವರು ಕಂಡದ್ದೇ ಬೇರೆ. ಅದೇ ಚುಕ್ಕೆ ಕೆಲವೇ ನಿಮಿಷಗಳಲ್ಲಿ ಹಸಿರಿನಿಂದ ಕೆಂಪಿಗೆ ತಿರುಗಿತು. ಆರಂಭದ ಕೊಠಡಿಯೇ ಕೊನೆಯ ಕೊಠಡಿಯಾಗಿ ಮಾಗಿತ್ತು.

ಇದನ್ನು ಹೇಳಲು ನಮ್ಮಲ್ಲಿ ಒಳ್ಳೆಯ ಹೋಲಿಕೆಯಿಲ್ಲವೇ ಎಂದು ಯೋಚಿಸುತ್ತಿದ್ದಾಗ ನೆನಪಾದದ್ದು ಜಾತ್ರೆಯ ದಾಸೋಹ. ಕೊಟ್ಟೂರಿನ ತೇರಿಗೆ ಹೋದವರಿಗೆ ಪಂಕ್ತಿಯ ಊಟ ಹೊಸದಲ್ಲ. ಒಂದು ಸಾಲು ಕೂರುತ್ತದೆ. ಮೊದಲು ಪಲ್ಯದವನು ಬರುತ್ತಾನೆ, ಆಮೇಲೆ ಹುಗ್ಗಿಯವನು, ಆಮೇಲೆ ಅನ್ನ ಸಾರು, ಕೊನೆಗೆ ಮಜ್ಜಿಗೆ. ಉಣ್ಣುವವರು ಎದ್ದು ಪಲ್ಯದ ಕೋಣೆಯಿಂದ ಹುಗ್ಗಿಯ ಕೋಣೆಗೆ ಹೋಗುವುದಿಲ್ಲ, ಕೂತಲ್ಲೇ ಇರುತ್ತಾರೆ. ಪಲ್ಯದವನು ಈ ಸಾಲು ಮುಗಿಸಿ ಹಿಂದೆ ಈಗಷ್ಟೇ ಕೂತ ಹೊಸ ಸಾಲಿಗೆ ಹೋಗುತ್ತಾನೆ. ಹುಗ್ಗಿಯವನು ತನಗಿಂತ ಮುಂದಿನ ಸಾಲು ಮುಗಿಸಿ ಇಲ್ಲಿಗೆ ಬರುತ್ತಾನೆ. ಹೀಗೆ ಪಲ್ಯದ ಸಾಲೇ ಹೊತ್ತು ಕಳೆದಂತೆ ಹುಗ್ಗಿಯ ಸಾಲಾಗಿ, ಮಜ್ಜಿಗೆಯ ಸಾಲಾಗುತ್ತದೆ. ಕೊನೆಗೆ ಸಾಲು ಎದ್ದು ಚದುರುತ್ತದೆ. ಒಬ್ಬರು ಕೂಡ್ಲಿಗಿ ಬಸ್ಸಿಗೆ, ಒಬ್ಬರು ಹಡಗಲಿ ಬಸ್ಸಿಗೆ, ಕೆಲವರು ಟ್ರ್ಯಾಕ್ಟರಿಗೆ.

ಇಲ್ಲಿ ಉಣ್ಣುವವರು ಪ್ರೋಟೀನುಗಳು, ಬಡಿಸುವವರು ಕಿಣ್ವಗಳು, ಸಾಲು ಎಂಬುದು ಚಪ್ಪಟೆ ಚೀಲ. ಇ.ಆರ್.ನಿಂದ ಬಂದ ಕಿರುಚೀಲಗಳು ಕೂಡಿ ಹೊಸ ಚೀಲವಾಗುವುದು ಹೊಸ ಸಾಲು ಕೂತಂತೆ. ಕಿರುಚೀಲಗಳು ಇಲ್ಲಿಯೂ ಇವೆ, ಆದರೆ ಅವು ಹೊತ್ತೊಯ್ಯುವುದು ಮುಖ್ಯವಾಗಿ ಕಿಣ್ವಗಳನ್ನು, ಅದೂ ಹಿಂದಕ್ಕೆ, ಹಳೆಯ ಚೀಲದಿಂದ ಎಳೆಯ ಚೀಲಕ್ಕೆ. ಅಂಚೆ ಕಚೇರಿಯಲ್ಲಿ ಕಾಗದ ನಡೆದು ಗುಮಾಸ್ತ ಕೂತಿದ್ದ. ಇಲ್ಲಿ ಗುಮಾಸ್ತ ನಡೆದು ಕಾಗದ ಕೂತಿದೆ. ಕಡ್ಡಿ ಹಣ್ಣಿನೊಳಗೆ ಹಿಡಿಯುವ ಪ್ರಶ್ನೆಯೇ ಏಳುವುದಿಲ್ಲ.

ಎಲ್ಲ ಜೀವಕೋಶಗಳಲ್ಲೂ ಎಲ್ಲ ಪ್ರೋಟೀನುಗಳೂ ಹೀಗೆಯೇ ಸಾಗುತ್ತವೆಂದು ವಿಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಸಸ್ತನಿಗಳ ಗಾಲ್ಗಿಯಲ್ಲಿ ಚೀಲಗಳ ನಡುವೆ ಕೊಳವೆಯಂಥ ಸಂಪರ್ಕಗಳೂ ಕೆಲಸ ಮಾಡಬಹುದೆಂಬ ವಾದವಿದೆ, ಸಣ್ಣ ಪ್ರೋಟೀನುಗಳು ಬೇರೆ ದಾರಿ ಹಿಡಿಯಬಹುದೆಂಬ ವಾದವೂ ಇದೆ. ಆದರೆ ಕೊಠಡಿಗಳು ಕದಲುವುದೇ ಇಲ್ಲವೆಂಬ ಹಳೆಯ ಚಿತ್ರ ಈಗ ಉಳಿದಿಲ್ಲ. ಸ್ವಾರಸ್ಯವೆಂದರೆ, ಪದವಿಪೂರ್ವ ತರಗತಿಗಳಲ್ಲಿ ಬಳಸುವ ಎನ್.ಸಿ.ಇ.ಆರ್.ಟಿ. ಜೀವಶಾಸ್ತ್ರ ಪಠ್ಯ ಗಾಲ್ಗಿಯ ಎರಡು ಬದಿಗಳನ್ನು ರೂಪುಗೊಳ್ಳುವ ಮುಖ, ಪಕ್ವಗೊಳ್ಳುವ ಮುಖ ಎಂದೇ ಕರೆಯುತ್ತದೆ. ಏನು ರೂಪುಗೊಳ್ಳುತ್ತದೆ, ಪಕ್ವಗೊಳ್ಳುವುದು ಯಾವುದು ಎಂಬ ಪ್ರಶ್ನೆ ಆ ಪದಗಳಲ್ಲೇ ಇದೆ. ವಿದ್ಯಾರ್ಥಿಗಳು ಪದಗಳನ್ನು ಬಾಯಿಪಾಠ ಮಾಡುತ್ತಾರೆ, ನಾವು ಸರಿ ಗುರುತು ಹಾಕುತ್ತೇವೆ.

ದಾಸೋಹದ ಹೋಲಿಕೆಯೂ ಒಂದು ಕಡೆ ಸೋಲುತ್ತದೆ, ಅದನ್ನೂ ಹೇಳಬೇಕು. ದಾಸೋಹಕ್ಕೆ ಒಬ್ಬ ಮೇಲ್ವಿಚಾರಕನಿರುತ್ತಾನೆ, ಅಂಚೆ ಕಚೇರಿಗೆ ಪೋಸ್ಟ್ ಮಾಸ್ತರರಿರುತ್ತಾರೆ. ಜೀವಕೋಶದಲ್ಲಿ ಯಾರೂ ಇಲ್ಲ. ಹಾಗಾದರೆ ಯಾರು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಯಾವುದು? ಒಂದು ಉತ್ತರ ಆಮ್ಲೀಯತೆ. ಇ.ಆರ್. ಒಳಗಿನ ಪಿಎಚ್ ಸುಮಾರು 7.2. ಗಾಲ್ಗಿಯಲ್ಲಿ ಮುಂದೆ ಮುಂದೆ ಹೋದಂತೆ ಅದು ಇಳಿಯುತ್ತಾ ಕೊನೆಗೆ 6ರ ಆಸುಪಾಸಿಗೆ ಬರುತ್ತದೆ. 1.2ರ ವ್ಯತ್ಯಾಸ ಕೇಳಲು ಚಿಕ್ಕದು. ಪಿಎಚ್ ಲಾಗರಿತಮ್ ಮಾನವಾದ್ದರಿಂದ ಹೈಡ್ರೊಜನ್ ಅಯಾನುಗಳ ಸಾಂದ್ರತೆ ಸುಮಾರು 16 ಪಟ್ಟು ಹೆಚ್ಚಿದಂತೆ. ಇ.ಆರ್.ನಲ್ಲೇ ಇರಬೇಕಾದ ಪ್ರೋಟೀನು ತಪ್ಪಿ ಗಾಲ್ಗಿಗೆ ಬಂದರೆ ಅಲ್ಲಿನ ಗ್ರಾಹಕವೊಂದು ಆಮ್ಲೀಯತೆಯಲ್ಲಿ ಅದನ್ನು ಬಿಗಿಯಾಗಿ ಹಿಡಿಯುತ್ತದೆ, ಹಿಂದಿರುಗಿ ಇ.ಆರ್. ಸೇರಿದಾಗ ತಟಸ್ಥ ದ್ರಾವಣದಲ್ಲಿ ಹಿಡಿತ ಸಡಿಲಿ ಬಿಟ್ಟುಬಿಡುತ್ತದೆ. ಮ್ಯಾನೋಸ್-6-ಫಾಸ್ಫೇಟಿನ ಗ್ರಾಹಕದ್ದೂ ಇಂಥದೇ ಉಪಾಯ, ದಿಕ್ಕು ಮಾತ್ರ ಬೇರೆ: ಗಾಲ್ಗಿಯಲ್ಲಿ ಹಿಡಿದದ್ದನ್ನು ಮುಂದೆ ಇನ್ನೂ ಆಮ್ಲೀಯವಾದ ಚೀಲದಲ್ಲಿ ಬಿಡುತ್ತದೆ. ಎಲ್ಲೂ ಓದುವ ಕಣ್ಣಿಲ್ಲ, ತೀರ್ಮಾನಿಸುವ ತಲೆಯಿಲ್ಲ. ಅಯಾನುಗಳ ಸಾಂದ್ರತೆಯ ಇಳಿಜಾರು, ಅಂಟುವ ಬಲ, ಉಷ್ಣದಿಂದಾಗುವ ಅಡ್ಡಾದಿಡ್ಡಿ ಚಲನೆ ಇಷ್ಟೇ.

ಭೌತವಿಜ್ಞಾನಿಗಳಿಗೆ ಗಾಲ್ಗಿಯ ಹುಚ್ಚು ಹಿಡಿದಿರುವುದು ಈ ಕಾರಣಕ್ಕೆ. ದೂರ ಹೋಗಬೇಕಿಲ್ಲ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿಯೇ ಈ ಕೆಲಸ ನಡೆದಿದೆ. ಅಲ್ಲಿನ ಮುಕುಂದ್ ತಟ್ಟೈ ಅವರು ಅಂಜಲಿ ಜೈಮನ್ ಅವರೊಂದಿಗೆ 2020ರಲ್ಲಿ ಪ್ರಕಟಿಸಿದ ಲೇಖನದ ಪ್ರಶ್ನೆ ಹೀಗಿದೆ: ಗಾಲ್ಗಿಯ ಕಿಣ್ವಗಳು ಅಷ್ಟೇನೂ ಕಟ್ಟುನಿಟ್ಟಿನವಲ್ಲ, ಒಂದೇ ಕಿಣ್ವ ಹಲವು ಸರಪಳಿಗಳ ಮೇಲೆ ಕೈಯಾಡಿಸುತ್ತದೆ; ಹೀಗಿದ್ದೂ ನಿಖರವಾದ ಸಕ್ಕರೆ ಸರಪಳಿಗಳು ಹೇಗೆ ಸಿದ್ಧವಾಗುತ್ತವೆ? ಎಲ್ಲ ಕಿಣ್ವಗಳನ್ನೂ ಒಂದೇ ಚೀಲದಲ್ಲಿ ಹಾಕಿದರೆ ಕಲಬೆರಕೆ; ಅವನ್ನೇ ಸರದಿಯ ಚೀಲಗಳಲ್ಲಿ ಹಂಚಿದರೆ ಕಲಬೆರಕೆ ತಗ್ಗಿಸಿ ಬೇಕಾದ ಸರಪಳಿಯನ್ನು ಪಡೆಯಬಹುದು ಎಂದು ಅವರು ತೋರಿಸಿದರು. ಪಲ್ಯ, ಹುಗ್ಗಿ, ಮಜ್ಜಿಗೆಗಳನ್ನು ಒಟ್ಟಿಗೆ ಎಲೆಗೆ ಸುರಿದರೆ ಏನಾದೀತು ಎಂದು ಯೋಚಿಸಿದರೆ ಮಾತು ಅರ್ಥವಾಗುತ್ತದೆ. ಅದೇ ಕೇಂದ್ರದ ಭೌತವಿಜ್ಞಾನಿ ಮದನ್ ರಾವ್ ಮತ್ತು ಸಂಗಡಿಗರು 2022ರ ಲೇಖನದಲ್ಲಿ ಇನ್ನೂ ಮುಂದೆ ಹೋಗಿ, ಕೋಶಕ್ಕೆ ಬೇಕಾದ ಸಕ್ಕರೆ ಸರಪಳಿಗಳ ವೈವಿಧ್ಯಕ್ಕೂ ಚೀಲಗಳ ಸಂಖ್ಯೆ ಎಷ್ಟಿರಬೇಕು ಎಂಬುದಕ್ಕೂ ಇರುವ ಸಂಬಂಧವನ್ನು ಗಣಿತದಿಂದ ಹುಡುಕಿದ್ದಾರೆ. ಗಾಲ್ಗಿಗೆ ಒಂದೇ ದೊಡ್ಡ ಚೀಲ ಯಾಕಿಲ್ಲ ಎಂಬುದು ಒಂಬತ್ತನೆಯ ತರಗತಿಯ ಮಗುವೂ ಕೇಳಬಹುದಾದ ಪ್ರಶ್ನೆ. ಉತ್ತರಿಸಲು ಬೇಕಾದದ್ದು ಮಾಹಿತಿ ಸಿದ್ಧಾಂತ.

ಕ್ಯಾಮಿಲ್ಲೊ ಗಾಲ್ಗಿ 1898ರಲ್ಲಿ ಗೂಬೆಯ ಮಿದುಳಿನ ಕೋಶಗಳಿಗೆ ಬೆಳ್ಳಿಯ ಲವಣದ ಬಣ್ಣ ಕಟ್ಟಿ ಈ ಜಾಲವನ್ನು ಕಂಡಾಗ, ಅದು ಬಣ್ಣ ಕಟ್ಟುವ ವಿಧಾನದಿಂದಲೇ ಹುಟ್ಟಿದ ಭ್ರಮೆಯೆಂದು ಹಲವರು ವಾದಿಸಿದ್ದರು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕ 1950ರ ದಶಕದಲ್ಲಿ ಆ ವಾದವನ್ನು ಮುಗಿಸಿತು. ಆದರೆ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಕೊಡುವುದು ಸತ್ತ ಕೋಶದ ಸ್ಥಿರ ಚಿತ್ರ, ಕೊಠಡಿಗಳು ಕದಲುವುದಿಲ್ಲವೆಂಬ ನಂಬಿಕೆ ಬೇರೂರಲು ಆ ಚಿತ್ರವೂ ಒಂದು ಕಾರಣವಾಗಿರಬೇಕು. ಜಾತ್ರೆಯ ಒಂದೇ ಫೋಟೊ ನೋಡಿದವನಿಗೆ ಸಾಲುಗಳಷ್ಟೇ ಕಾಣುತ್ತವೆ; ಬಡಿಸುವವನು ಯಾವ ಕಡೆ ನಡೆಯುತ್ತಿದ್ದಾನೆಂದು ಫೋಟೊ ಹೇಳುವುದಿಲ್ಲ.

ಅಂಚೆ ಕಚೇರಿಯ ಹೋಲಿಕೆ ಮಕ್ಕಳಿಗೆ ಪರಿಚಿತ, ಸುಲಭ ಎಂಬ ಸಮರ್ಥನೆಯೂ ಈಗ ತೆಳುವಾಗಿದೆ. ಕಾಗದ ಬರೆದು ಡಬ್ಬಿಗೆ ಹಾಕಿದ ಮಕ್ಕಳು ನಮ್ಮ ತರಗತಿಗಳಲ್ಲಿ ಎಷ್ಟು ಜನ? ನೋಂದಾಯಿತ ಅಂಚೆಯೇ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು. ಪಂಕ್ತಿಯಲ್ಲಿ ಕೂತು ಉಣ್ಣದ ಮಗುವನ್ನು ಮಾತ್ರ ಈ ಐದು ತಾಲ್ಲೂಕುಗಳಲ್ಲಿ ನಾನು ಇನ್ನೂ ಕಂಡಿಲ್ಲ.

ತರಗತಿಯಲ್ಲಿ ಇದನ್ನು ಆಡಿಸಿ ನೋಡಬಹುದು. ಇಪ್ಪತ್ತು ಮಕ್ಕಳನ್ನು ನಾಲ್ಕು ಸಾಲಾಗಿ ಕೂರಿಸಿ, ಮೂವರ ಕೈಗೆ ಮೂರು ಬಣ್ಣದ ಸೀಮೆಸುಣ್ಣ ಕೊಡಿ. ಪ್ರತಿ ಮಗುವಿನ ಕಾಗದದ ಮೇಲೆ ಸರದಿಯಂತೆ ಬಣ್ಣದ ಗೆರೆ ಬೀಳಲಿ, ಬಣ್ಣದವರು ಮಾತ್ರ ಹಿಂದಿನ ಸಾಲಿಗೆ ಸರಿಯುತ್ತಾ ಹೋಗಲಿ. ಆಮೇಲೆ ಇದನ್ನೇ ಅಂಚೆ ಕಚೇರಿಯ ರೀತಿಯಲ್ಲಿ, ಬಣ್ಣದವರನ್ನು ಕೂರಿಸಿ ಮಕ್ಕಳನ್ನು ನಡೆಸಿ ಆಡಿಸಿ. ಆಗ ಒಬ್ಬನ ಕೈಗೆ ತರಗತಿಯ ಬಾಗಿಲಿಗಿಂತ ಉದ್ದದ ಬಿದಿರು ಕೊಟ್ಟು, ಅಡ್ಡ ಹಿಡಿದುಕೊಂಡೇ ಹೋಗಬೇಕೆಂದು ಹೇಳಿ. ಅರ್ಧ ಗಂಟೆ ಸಾಕು.

ಇನ್ನು ಮೌಲ್ಯಮಾಪನಕ್ಕೆ ಕೂರುವ ಮಿತ್ರರಲ್ಲಿ ಒಂದು ಕೋರಿಕೆ. ಗಾಲ್ಗಿಯ ಚಿತ್ರ ಬರೆಯಿರಿ ಎಂಬ ಪ್ರಶ್ನೆಗೆ ಯಾವನಾದರೂ ವಿದ್ಯಾರ್ಥಿ ಕಿರುಚೀಲಗಳ ಬಾಣವನ್ನು ಪಕ್ವಗೊಳ್ಳುವ ಮುಖದಿಂದ ರೂಪುಗೊಳ್ಳುವ ಮುಖದತ್ತ, ಹಿಂದಕ್ಕೆ ಹಾಕಿದ್ದರೆ, ಮಾದರಿ ಉತ್ತರದಲ್ಲಿ ಇಲ್ಲವೆಂದು ಅಂಕ ಕಳೆಯುವ ಮುನ್ನ, ಅವನು ಪಕ್ಕದಲ್ಲಿ ಏನು ಬರೆದಿದ್ದಾನೆಂದು ದಯವಿಟ್ಟು ಓದಿ.